ಮೋಟಾರ್ ಹಾಕಿ ನೋಡು!

ಭಾನುವಾರ ಬೆಳಿಗ್ಗೆ ಆರೂವರೆ. ದಾವಣಗೆರೆ ಹೊರವಲಯದಲ್ಲಿ ನೀರು ಬತ್ತಿದ ಒಂದು ಕೆರೆಯ ಅಂಗಳ. ಗಾಳಿ ಇನ್ನೂ ಎದ್ದಿರಲಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಮೂರು ತಿಂಗಳು ಫೋಮ್ ಶೀಟ್ ಕತ್ತರಿಸಿ, ಗ್ಲೂ ಗನ್ನಿನಿಂದ ಬೆರಳು ಸುಟ್ಟುಕೊಂಡು ಕಟ್ಟಿದ ನಮ್ಮ ರಿಮೋಟ್ ಕಂಟ್ರೋಲ್ ವಿಮಾನ ತಲೆಯ ಮೇಲೆ ಎರಡು ಸುತ್ತು ಹಾಕಿತ್ತು. ರೆಕ್ಕೆ 120 ಸೆಂಟಿಮೀಟರ್, ತೂಕ ಸುಮಾರು 900 ಗ್ರಾಂ. ಹೊಟ್ಟೆಯೊಳಗೆ ಒಂದು ಟೆನಿಸ್ ಬಾಲ್. ಆ ಬಾಲನ್ನು ಮೇಲಿನಿಂದ ಸುಣ್ಣದ ವೃತ್ತದೊಳಗೆ ಬೀಳಿಸಬೇಕು. ಇನ್ನು ಮೂರು ವಾರಕ್ಕೆ ಬೇರೊಂದು ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ನಮ್ಮ ತಂಡ ಆಡಬೇಕಿದ್ದ ಸ್ಪರ್ಧೆ ಅದು.

ಹಾರಿಸುವ ಮೊದಲು ಜೂನಿಯರ್ ಹುಡುಗನೊಬ್ಬ ವಿಮಾನಕ್ಕೆ ಕಿವಿಗೊಟ್ಟು, ‘ಅಣ್ಣಾ, ಹೊಟ್ಟೆ ಬಾಗಿಲಿನ ಸರ್ವೊ ಯಾಕೋ ಗುಂಯ್ ಅಂತಿದೆ’ ಎಂದಿದ್ದ. ‘ಹಾರೋವಾಗ ಸರಿಹೋಗುತ್ತೆ ಬಿಡೋ’ ಎಂದಿದ್ದೆ ನಾನು.

ಮೂರನೇ ಸುತ್ತಿನಲ್ಲಿ ಬಾಲ್ ಬೀಳಿಸುವ ಸ್ವಿಚ್ ಒತ್ತಿದೆ. ಜೊತೆಗೇ ಎಡಕ್ಕೆ ತಿರುಗಿಸಿದೆ, ಥ್ರಾಟಲ್ ಪೂರ್ತಿ ಕೊಟ್ಟೆ, ಮೇಲೆತ್ತಲು ಸ್ಟಿಕ್ ಎಳೆದೆ. ವಿಮಾನ ಮಾತು ಕೇಳಲಿಲ್ಲ. ಪ್ರೊಪೆಲರ್ ಸದ್ದು ನಿಂತೇಹೋಯಿತು. ಎಡಕ್ಕೆ ವಾಲಿದ್ದು ವಾಲಿಕೊಂಡೇ ಮೂಗು ಕೆಳಗೆ ಮಾಡಿತು. ನೆಲಕ್ಕೆ ಇನ್ನೇನು ಮೂರಾಳೆತ್ತರ ಇದೆ ಎನ್ನುವಾಗ ಬಾಲದ ರೆಕ್ಕೆ ಒಮ್ಮೆ ಮೇಲೆದ್ದಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಮೂಗು ಚೂರುಚೂರು.

ವಿಚಿತ್ರವೆಂದರೆ ಓಡಿಹೋಗಿ ಎತ್ತಿಕೊಂಡು ಸ್ಟಿಕ್ ಅಲ್ಲಾಡಿಸಿದರೆ ಎಲ್ಲ ಸರಿಯಾಗಿತ್ತು! ಎಡ ಎಂದರೆ ಎಡ, ಬಲ ಎಂದರೆ ಬಲ. ‘ಸಿಗ್ನಲ್ ಹೋಗಿದೆ ಮಗಾ’ ಎಂದ ಒಬ್ಬ. ‘ಪಕ್ಕಾ ಸಿಗ್ನಲ್ಲೇ’ ಎಂದ ಇನ್ನೊಬ್ಬ. ನಾನು ಜೂನಿಯರ್ ಕಡೆ ತಿರುಗಿ ಎಲ್ಲರೆದುರೇ, ‘ರಿಸೀವರ್ ಕೂರಿಸಿದ್ದು ನೀನೇ ತಾನೆ? ಒಂದು ಆಂಟೆನಾ ನೆಟ್ಟಗೆ ಅಂಟಿಸೋಕೆ ಬರಲ್ವಾ ನಿಂಗೆ?’ ಎಂದು ರೇಗಿದೆ. ಅವನು ಏನೋ ಹೇಳಲು ಹೋಗಿ ಸುಮ್ಮನಾದ. ಪ್ರತಿ ಭಾನುವಾರ ಹಾರಾಟ ಮುಗಿಸಿ ಎಲ್ಲರೂ ಬೆಣ್ಣೆದೋಸೆ ತಿನ್ನುವುದು ನಮ್ಮ ರೂಢಿ. ಅವತ್ತು ಅವನು ಬರಲಿಲ್ಲ. ಮರುದಿನ ವರ್ಕ್‌ಶಾಪಿಗೂ ಬರಲಿಲ್ಲ.

ವಿಮಾನ ಬಿದ್ದಾಗ ರೇಡಿಯೊ ಮೇಲೆ ಅನುಮಾನ ಬರುವುದು ಸಹಜ. ಅದು ಕಣ್ಣಿಗೆ ಕಾಣುವುದಿಲ್ಲವಲ್ಲ! ಕಾಣದ್ದರ ಮೇಲೆ ಏನನ್ನು ಬೇಕಾದರೂ ಹೊರಿಸಬಹುದು. ಒಂದು ಕಾಲದಲ್ಲಿ ಆ ಅನುಮಾನಕ್ಕೆ ಆಧಾರವೂ ಇತ್ತು. 35 ಅಥವಾ 72 ಮೆಗಾಹರ್ಟ್ಸ್‌ನ ಹಳೆಯ ಸೆಟ್‌ಗಳಲ್ಲಿ ಒಂದೇ ಕ್ರಿಸ್ಟಲ್ ಇರುವ ಇಬ್ಬರು ಒಂದೇ ಮೈದಾನದಲ್ಲಿ ರಿಮೋಟ್ ಆನ್ ಮಾಡಿದರೆ ಹಾರುತ್ತಿದ್ದ ವಿಮಾನ ಗೋತಾ ಹೊಡೆಯುತ್ತಿತ್ತು. ಈಗಿನ ಸೆಟ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಬೈಂಡ್ ಮಾಡಿದ ಮೇಲೆ ರಿಸೀವರ್ ತನ್ನ ರಿಮೋಟ್ ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. ಎರಡೂ ಸೇರಿಕೊಂಡು ಒಂದು ತರಂಗಾಂತರದಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇರುತ್ತವೆ. ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದು ಇಂಥ ಜಿಗಿತದ ಉಪಾಯಕ್ಕೇ. ಟಾರ್ಪೆಡೊಗೆ ಹೋಗುವ ರೇಡಿಯೊ ಆದೇಶವನ್ನು ಶತ್ರು ಕೆಡಿಸಬಾರದು ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಹಾಗೆಂದು ರೇಡಿಯೊ ತಪ್ಪು ಮಾಡುವುದೇ ಇಲ್ಲವೆಂದಲ್ಲ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂ.ಮೀ. ಅದರ ಕಾಲು ಭಾಗ, ಅಂದರೆ ಸುಮಾರು 31 ಮಿಲಿಮೀಟರ್, ರಿಸೀವರ್ ಆಂಟೆನಾದ ತುದಿಯಲ್ಲಿ ಬರಿದಾಗಿ ಚಾಚಿಕೊಂಡಿರುತ್ತದೆ. ಕೆಲಸ ಮಾಡುವುದೇ ಆ ತುದಿ. ಅದು ಮುರಿದರೆ, ಬ್ಯಾಟರಿಯ ಅಡಿ ಸಿಕ್ಕಿಕೊಂಡರೆ, ಕಾರ್ಬನ್ ಫೈಬರ್ ಕಡ್ಡಿಗೆ ಒತ್ತಿಕೊಂಡರೆ ವಿಮಾನದ ಕಿವಿ ಮಂದವಾಗುತ್ತದೆ. ಎರಡು ಆಂಟೆನಾ ಇದ್ದರೆ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಒಂದಕ್ಕೊಂದು ಲಂಬವಾಗಿ ಕೂರಿಸಬೇಕು. ರಿಮೋಟ್‌ನ ಆಂಟೆನಾ ತುದಿಯನ್ನು ನೇರ ವಿಮಾನದ ಕಡೆ ಗುರಿ ಇಡಬಾರದು. ತುದಿಯಿಂದ ಹೊರಡುವ ಸಿಗ್ನಲ್ ತೀರಾ ಕಡಿಮೆ.

ಆ ಹುಡುಗ ಅಂಟಿಸಿದ ಆಂಟೆನಾ ಬಿಚ್ಚಿ ನೋಡಿದೆ. ಒಂದು ಅಡ್ಡ, ಒಂದು ಉದ್ದ. ಬ್ಯಾಟರಿಯಿಂದ ಒಂದು ಗೇಣು ದೂರ. ಮೂಲೆಮಟ್ಟ ಇಟ್ಟು ಅಳೆದ ಹಾಗೆ 90 ಡಿಗ್ರಿ. ಆದರೂ ನನ್ನ ಅಹಂ ಒಪ್ಪಬೇಕಲ್ಲ. ರಿಸೀವರ್ರೇ ಕೆಟ್ಟಿರಬೇಕೆಂದು ಮೆಸ್ ಬಿಲ್ಲಿಗೆ ಇಟ್ಟಿದ್ದ ದುಡ್ಡಿನಲ್ಲಿ ಹೊಸದು ತರಿಸಿದೆ. ಮೂಗಿಗೆ ಹೊಸ ಫೋಮ್ ಅಂಟಿಸಿ, ರೇಂಜ್ ಟೆಸ್ಟನ್ನೂ ಮಾಡಿದೆವು. ರಿಮೋಟ್‌ನಲ್ಲಿ ಆ ಆಯ್ಕೆ ಒತ್ತಿದರೆ ಅದು ಹೊರಸೂಸುವ ಶಕ್ತಿ ತೀರಾ ತಗ್ಗುತ್ತದೆ. ಹಾಗಿದ್ದೂ ಮೂವತ್ತು ಹೆಜ್ಜೆ ದೂರದಿಂದ ಸರ್ವೊಗಳು ನಡುಗದೆ ಆಡಿದರೆ ಪಾಸ್. ನಮ್ಮದು ಐವತ್ತು ಹೆಜ್ಜೆಗೂ ಪಾಸಾಯಿತು.

ಮುಂದಿನ ಭಾನುವಾರ ಹಾರಿಸಿದೆವು. ನಾಲ್ಕನೇ ನಿಮಿಷಕ್ಕೆ ಅದೇ ಕಥೆ. ಈ ಸಲ ತಗ್ಗಿನಲ್ಲಿ ಹಾರುತ್ತಿದ್ದುದರಿಂದ ಹುಲ್ಲಿನ ಮೇಲೆ ಬಿದ್ದು ರೆಕ್ಕೆಯ ಒಂದು ತುದಿ ಮಾತ್ರ ಹೋಯಿತು. ರೇಡಿಯೊ ಹೊಸದು, ಆಂಟೆನಾ ಸರಿ, ರೇಂಜ್ ಸರಿ. ಜೂನಿಯರ್ ತಪ್ಪು ಮಾಡಿರಲಿಲ್ಲ ಎಂದು ಆವತ್ತೇ ನನಗೆ ಖಾತ್ರಿಯಾಗಿತ್ತು. ಅವನಿಗೆ ಹೋಗಿ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಮುಂದಿನ ಅನುಮಾನ ಬ್ಯಾಟರಿ. ಇದರಲ್ಲಿ ನನ್ನದೇ ಒಂದು ಪಾಪ ಇತ್ತು. ನಾವು ಬಳಸುವುದು ಮೂರು ಸೆಲ್‌ಗಳ, 2200 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ. ಪೂರ್ತಿ ಚಾರ್ಜ್ ಆದಾಗ ಒಂದೊಂದು ಸೆಲ್ 4.2 ವೋಲ್ಟ್, ಮೂರೂ ಸೇರಿ 12.6. ಹಾರಿಸುವಾಗ ಸೆಲ್ಲಿಗೆ 3 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಅದು ಹಾಳು. ಬಳಸದೆ ಇಡುವಾಗ ಪೂರ್ತಿ ತುಂಬಿಸಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು, ಸೆಲ್ಲಿಗೆ 3.8ರ ಹತ್ತಿರ ಇಡಬೇಕು. ನಾನು ಇಂಟರ್ನಲ್ಸ್ ಗಡಿಬಿಡಿಯಲ್ಲಿ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯನ್ನು ಬೀರುವಿನಲ್ಲಿ ಮೂರು ವಾರ ಮರೆತಿದ್ದೆ. ತೆಗೆದು ನೋಡಿದರೆ ಹೊಟ್ಟೆ ಉಬ್ಬಿತ್ತು. ಒಳಗೆ ಅನಿಲ ಹುಟ್ಟಿಕೊಂಡರೆ ಹಾಗಾಗುತ್ತದೆ. ಆದರೂ ‘ಎರಡು ಸಾವಿರ ರೂಪಾಯಿ ಮಾಲು’ ಎಂದು ಬಿಸಾಡಲು ಮನಸ್ಸಾಗದೆ ಬಳಸುತ್ತಿದ್ದೆ. ಈಗ ಮಲ್ಟಿಮೀಟರ್ ಹಚ್ಚಿದರೆ 12.4 ವೋಲ್ಟ್ ತೋರಿಸಿತು. ‘ಬ್ಯಾಟರಿನೂ ಸರಿ ಇದೆ’ ಎಂದು ಬರೆದುಕೊಂಡೆ.

ಎಲ್ಲ ಸರಿ ಇದೆ, ವಿಮಾನ ಮಾತ್ರ ಬೀಳುತ್ತಿದೆ!

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮದು ಚನ್ನಗಿರಿ ತಾಲ್ಲೂಕಿನ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ, ಒಂದು ಬೋರ್‌ವೆಲ್. ಅಮ್ಮ ಫೋನನ್ನು ಅಪ್ಪಾಜಿಗೆ ಕೊಟ್ಟರು.

‘ಏನಪ್ಪಾ, ವಿಮಾನ ಹಾರ್ತಾ?’

‘ಬಿತ್ತು ಅಪ್ಪಾಜಿ. ಯಾಕೆ ಅಂತ ಗೊತ್ತಾಗ್ತಿಲ್ಲ. ಬ್ಯಾಟರಿನೂ ಸರಿ ಐತೆ, ರೇಡಿಯೋನೂ ಸರಿ ಐತೆ.’

‘ಸರಿ ಐತೆ ಅಂತ ಹೆಂಗೆ ಗೊತ್ತಾತು?’

‘ಮೀಟರ್ ಹಚ್ಚಿ ನೋಡ್ದೆ.’

‘ಹಾರ್ತಾ ಇದ್ದಾಗ ಹಚ್ಚಿದ್ಯೋ, ಸುಮ್ನೆ ಮಲಗಿದ್ದಾಗ ಹಚ್ಚಿದ್ಯೋ?’

ನಾನು ಉತ್ತರ ಕೊಡಲಿಲ್ಲ. ಅವರೇ ಮುಂದುವರಿಸಿದರು: ‘ನಮ್ಮ ಬೋರಿನ ಲೈನ್ ನೋಡಿಲ್ವಾ? ಸುಮ್ನೆ ಇದ್ದಾಗ ಸ್ಟಾರ್ಟರ್ ಡಬ್ಬಿ ಮೀಟರಿನ ಮುಳ್ಳು ನಾನೂರಕ್ಕೆ ನಿಂತಿರ್ತದೆ. ಸುತ್ತಮುತ್ತ ಹತ್ತು ತೋಟದವರು ಒಟ್ಟಿಗೆ ಮೋಟಾರ್ ಹಾಕಿದ್ರು ಅನ್ನು, ಮುನ್ನೂರಕ್ಕೆ ಬೀಳ್ತದೆ. ಮೋಟಾರ್ ಗುಂಯ್ ಅಂತದೆ ಹೊರತು ನೀರು ಎತ್ತಲ್ಲ. ಲೈನ್ ಯೋಗ್ಯತೆ ಗೊತ್ತಾಗೋದು ಆವಾಗ. ಮೋಟಾರ್ ಹಾಕಿ ನೋಡಪ್ಪಾ.’

ಎಲೆಕ್ಟ್ರಾನಿಕ್ಸ್ ಆರನೇ ಸೆಮಿಸ್ಟರ್ ಓದುತ್ತಿರುವವನು ನಾನು. ಓಮ್‌ನ ನಿಯಮವನ್ನು ಪಿಯುಸಿಯಿಂದ ಬರೆದೂ ಬರೆದೂ ಅಂಕ ತೆಗೆದವನು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪಾಜಿ ಅದನ್ನು ಫೋನಿನಲ್ಲಿ ಹೇಳಿಕೊಡಬೇಕಾಯಿತು! ನಾವು ಮಾಡಿದ ಪರೀಕ್ಷೆಗಳೆಲ್ಲ ಮಲಗಿದ್ದ ವಿಮಾನಕ್ಕೇ ಮಾಡಿದವು. ರೇಂಜ್ ಟೆಸ್ಟ್ ಮಾಡಿದಾಗ ಮೋಟಾರ್ ಆಫ್ ಇತ್ತು. ಸರ್ವೊಗಳನ್ನು ಆಡಿಸಿದ್ದು ಒಂದಾದ ಮೇಲೊಂದು. ಬ್ಯಾಟರಿ ಅಳೆದಿದ್ದು ಏನೂ ಜೋಡಿಸದೆ.

ಮರುದಿನ ವರ್ಕ್‌ಶಾಪಿನಲ್ಲಿ ವಿಮಾನವನ್ನು ಬೆಂಚಿಗೆ ಹಗ್ಗದಿಂದ ಬಿಗಿದೆವು. ಭಾರ ಬೀಳಬೇಕೆಂದರೆ ಪ್ರೊಪೆಲರ್ ಇರಲೇಬೇಕು. ಹಾಗಾಗಿ ಎಲ್ಲರೂ ಹಿಂಬದಿ ನಿಂತೆವು. ತಿರುಗುವ ಪ್ರೊಪೆಲರ್ ಬೆರಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಥ್ರಾಟಲ್ ಪೂರ್ತಿ ಕೊಟ್ಟರೆ ನಮ್ಮ ಮೋಟಾರ್ ಸುಮಾರು 15 ಆಂಪಿಯರ್ ಎಳೆಯುತ್ತದೆ. ಹತ್ತೇ ಸೆಕೆಂಡಿನಲ್ಲಿ ಉಬ್ಬಿದ ಬ್ಯಾಟರಿ 12.4ರಿಂದ 9.8ಕ್ಕೆ ಕುಸಿಯಿತು. ಗೆಳೆಯನ ಒಳ್ಳೆಯ ಬ್ಯಾಟರಿ ಅದೇ ಭಾರಕ್ಕೆ 11.6ರಲ್ಲಿ ನಿಂತಿತು. ವಯಸ್ಸಾದಂತೆ, ಕಾಳಜಿ ತಪ್ಪಿದಂತೆ ಬ್ಯಾಟರಿಯ ಒಳಗಿನ ರೋಧ ಹೆಚ್ಚುತ್ತದೆ. ಆ ರೋಧವನ್ನು ಆಂಪಿಯರ್‌ನಿಂದ ಗುಣಿಸಿದಷ್ಟು ವೋಲ್ಟೇಜ್ ಒಳಗೇ ಸೋರಿಹೋಗುತ್ತದೆ. ಕರೆಂಟ್ ಎಳೆಯದೇ ಅಳೆದರೆ ಸೋರುವುದೂ ಇಲ್ಲ, ಗೊತ್ತಾಗುವುದೂ ಇಲ್ಲ.

ಒಬ್ಬ ಅಪರಾಧಿ ಸಿಕ್ಕಿದ. ಆದರೆ ವಿಮಾನ ಬೀಳಿಸಿದವನು ಅವನಲ್ಲ. ಬ್ಯಾಟರಿ ಸೋತರೆ ಮೋಟಾರಿನ ಶಕ್ತಿ ಕುಗ್ಗಬೇಕು, ಸ್ಟಿಕ್‌ನ ಮಾತು ಕೇಳುವುದು ನಿಲ್ಲಬಾರದು. ಯಾಕೆಂದರೆ ರಿಸೀವರ್‌ಗೆ, ಸರ್ವೊಗಳಿಗೆ ಬ್ಯಾಟರಿ ನೇರ ಕರೆಂಟ್ ಕೊಡುವುದಿಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಎಂಬ ಪುಟ್ಟ ಬೋರ್ಡಿನಲ್ಲೇ ಬಿಇಸಿ ಎಂಬ ಇನ್ನೊಂದು ಭಾಗ ಇರುತ್ತದೆ. ಅದು ಬ್ಯಾಟರಿಯ ವೋಲ್ಟೇಜನ್ನು 5ಕ್ಕೆ ಇಳಿಸಿ ಹಂಚುತ್ತದೆ. ಬ್ಯಾಟರಿ 9.8ಕ್ಕೆ ಬಿದ್ದರೂ ಅದಕ್ಕೆ ಧಾರಾಳ.

ಹಾಗಾದರೆ ಆ 5 ವೋಲ್ಟ್ ನಿಜವಾಗಿ 5 ಇದೆಯೇ? ರಿಸೀವರಿನ ಖಾಲಿ ಚಾನೆಲ್ಲಿಗೆ ಮೀಟರ್ ಚುಚ್ಚಿದೆವು. ಸುಮ್ಮನಿದ್ದಾಗ 5.0. ಅಪ್ಪಾಜಿ ಹೇಳಿದ ಹಾಗೆ ಹತ್ತು ತೋಟದ ಮೋಟಾರುಗಳನ್ನೂ ಒಟ್ಟಿಗೆ ಹಾಕಿದೆವು. ಅಂದರೆ ಥ್ರಾಟಲ್ ಪೂರ್ತಿ ಏರಿಸಿ, ಎಲ್ಲ ಸ್ಟಿಕ್ ಗರಗರ ತಿರುಗಿಸಿ, ಬಾಲ್ ಬೀಳಿಸುವ ಸ್ವಿಚ್ಚನ್ನೂ ಒತ್ತಿದೆವು. 4.6, 4.4. ಎರಡು ನಿಮಿಷ, ಮೂರು ನಿಮಿಷ. ಫೋಮಿನೊಳಗೆ ಮುಚ್ಚಿಟ್ಟ ಇಎಸ್‌ಸಿ ಮುಟ್ಟಲಾಗದಷ್ಟು ಬಿಸಿಯಾಯಿತು. ನಾಲ್ಕನೇ ನಿಮಿಷಕ್ಕೆ ರಿಸೀವರಿನ ಕೆಂಪು ದೀಪ ಆರಿತು. ಮೋಟಾರ್ ನಿಂತಿತು. ಎರಡು ಸೆಕೆಂಡ್ ಬಿಟ್ಟು ದೀಪ ಮತ್ತೆ ಹತ್ತಿತು, ಏನೂ ಆಗಿಯೇ ಇಲ್ಲ ಎನ್ನುವಂತೆ.

ಲ್ಯಾಬಿನ ಸರ್ ಅನುಮತಿ ಪಡೆದು ಆಸಿಲೋಸ್ಕೋಪ್‌ಗೆ ಜೋಡಿಸಿದಾಗ ಇನ್ನೂ ಸ್ಪಷ್ಟವಾಯಿತು. ಮೀಟರ್ 4.4 ಎನ್ನುತ್ತಿದ್ದಾಗಲೇ ಕ್ಷಣಕಾಲದ ಗುಂಡಿಗಳು 3.5ರವರೆಗೆ ಇಳಿಯುತ್ತಿದ್ದವು. ಮೀಟರಿನ ಕಣ್ಣಿಗೆ ಅಷ್ಟು ವೇಗ ಇಲ್ಲ. ವೋಲ್ಟೇಜ್ ಅಲ್ಲಿಂದಲೂ ಕೆಳಗೆ ಜಾರಿದರೆ ರಿಸೀವರ್ ಪ್ರಜ್ಞೆ ತಪ್ಪಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇದಕ್ಕೆ ಬ್ರೌನ್‌ಔಟ್ ಎನ್ನುತ್ತಾರೆ. ಹೊರಗಿನಿಂದ ನೋಡಿದವರಿಗೆ ಥೇಟ್ ಸಿಗ್ನಲ್ ಹೋದ ಹಾಗೇ ಕಾಣುತ್ತದೆ. ಸಿಗ್ನಲ್ ಬರುತ್ತಲೇ ಇತ್ತು. ಕೇಳಿಸಿಕೊಳ್ಳಬೇಕಾದ ರಿಸೀವರ್‌ಗೆ ಹೊಟ್ಟೆಗಿರಲಿಲ್ಲ.

ಲೆಕ್ಕ ಹಾಕಿದರೆ ಸರಳ. ನಮ್ಮ ಬಿಇಸಿ ಲೀನಿಯರ್ ಬಗೆಯದು. 12 ವೋಲ್ಟನ್ನು 5 ಮಾಡಲು ಉಳಿದ 7 ವೋಲ್ಟನ್ನು ಶಾಖವಾಗಿ ಸುಡುತ್ತದೆ. ಸರ್ವೊಗಳೆಲ್ಲ ಸೇರಿ 1 ಆಂಪಿಯರ್ ಎಳೆದರೂ 7 ವಾಟ್ ಶಾಖ. ಕಿರುಬೆರಳ ಉಗುರಿನಷ್ಟಿರುವ ಚಿಪ್ಪಿಗೆ, ಅದೂ ಗಾಳಿಯಾಡದ ಫೋಮಿನೊಳಗೆ, ಅದು ಅಸಾಧ್ಯ ಸೆಕೆ. ಮಿತಿ ಮೀರಿದಾಗ ಅದು ತನ್ನನ್ನು ಉಳಿಸಿಕೊಳ್ಳಲು ಕೈಚೆಲ್ಲುತ್ತದೆ. ಬಿದ್ದ ವಿಮಾನ ಎತ್ತಿಕೊಳ್ಳುವಷ್ಟರಲ್ಲಿ ತಣಿದಿರುತ್ತದೆ, ನಾವು ಸರ್ವೊಗಳನ್ನು ಒಂದೊಂದಾಗಿ ಆಡಿಸುತ್ತೇವೆ, ‘ಎಲ್ಲ ಸರಿ ಇದೆಯಲ್ಲ’ ಎನ್ನುತ್ತೇವೆ.

ಆದರೆ ಚಿಕ್ಕ ಸರ್ವೊಗಳು ಇಷ್ಟು ಕರೆಂಟ್ ಎಳೆದದ್ದು ಯಾಕೆ? ಒಂದೊಂದನ್ನೇ ಕಿತ್ತು ನೋಡಿದೆವು. ಹೊಟ್ಟೆ ಬಾಗಿಲಿನ ಸರ್ವೊ ಕಿತ್ತ ಕೂಡಲೇ ಮೀಟರ್ 4.9ಕ್ಕೆ ಏರಿತು. ಬಾಗಿಲಿಗೆ ಕಟ್ಟಿದ ತಂತಿ ಎರಡು ಮಿಲಿಮೀಟರ್ ಉದ್ದವಾಗಿತ್ತು. ಬಾಗಿಲು ಚೌಕಟ್ಟಿಗೆ ತಾಗಿ ನಿಂತ ಮೇಲೂ ಸರ್ವೊ ತಳ್ಳುತ್ತಲೇ ಇತ್ತು. ಗುಂಯ್ ಎನ್ನುತ್ತಿದ್ದುದು ಅದಕ್ಕೇ. ಆ ತಂತಿ ಬಗ್ಗಿಸಿ ಹಾಕಿದವನು ನಾನು. ಗುಂಯ್ ಎನ್ನುತ್ತಿದೆ ಎಂದು ಹೇಳಿದವನು ಅವನು.

ರಿಪೇರಿಗೆ ಒಂದು ಸಂಜೆ ಸಾಕಾಯಿತು. ತಂತಿ ಗಿಡ್ಡ ಮಾಡಿದೆವು. ಇಎಸ್‌ಸಿಯ ಬಿಇಸಿ ತಂತಿಗಳಲ್ಲಿ ಕೆಂಪನ್ನು ಮಾತ್ರ ಬಿಡಿಸಿ, ಮುನ್ನೂರು ರೂಪಾಯಿಯ 5 ವೋಲ್ಟ್, 3 ಆಂಪಿಯರ್ ಸಾಮರ್ಥ್ಯದ ಪ್ರತ್ಯೇಕ ಸ್ವಿಚಿಂಗ್ ಬಿಇಸಿ ಹಾಕಿದೆವು. ಅದು ವೋಲ್ಟೇಜನ್ನು ಸುಟ್ಟು ಇಳಿಸುವುದಿಲ್ಲ, ಹಾಗಾಗಿ ಬಿಸಿ ಕಡಿಮೆ. ಮೂಗಿನಲ್ಲಿ ಗಾಳಿ ಒಳಬರಲು, ಹಿಂದೆ ಹೊರಹೋಗಲು ತೂತು ಕೊರೆದೆವು. ಉಬ್ಬಿದ ಬ್ಯಾಟರಿಯನ್ನು ಬಲ್ಬಿಗೆ ಜೋಡಿಸಿ, ಬಯಲಿನಲ್ಲಿ ನಿಧಾನ ಬರಿದು ಮಾಡಿ ಇ-ತ್ಯಾಜ್ಯದವರಿಗೆ ಕೊಟ್ಟೆವು.

ನಿಮ್ಮಲ್ಲೂ ಯಾರಾದರೂ ಈ ಹುಚ್ಚಿಗೆ ಬಿದ್ದಿದ್ದರೆ ಇಷ್ಟು ನೆನಪಿರಲಿ. ಮೊದಲು ರಿಮೋಟ್ ಆನ್, ಆಮೇಲೆ ವಿಮಾನ; ಮುಗಿಸುವಾಗ ಮೊದಲು ವಿಮಾನ ಆಫ್, ಆಮೇಲೆ ರಿಮೋಟ್. ಪ್ರೊಪೆಲರ್ ಬಿಚ್ಚಿ, ಮೋಟಾರ್ ತಿರುಗುತ್ತಿರುವಾಗ ರಿಮೋಟ್ ಆಫ್ ಮಾಡಿ ನೋಡಿ. ಮೋಟಾರ್ ತಾನಾಗಿ ನಿಲ್ಲದಿದ್ದರೆ ಫೇಲ್‌ಸೇಫ್ ಹೊಂದಿಸಿಲ್ಲ ಎಂದರ್ಥ. ಸ್ಟಿಕ್ ಮುಟ್ಟದಿದ್ದರೂ ಯಾವುದಾದರೂ ಸರ್ವೊ ಗುಂಯ್ ಎನ್ನುತ್ತಿದ್ದರೆ ಹಾರಿಸಲೇಬೇಡಿ. ಹಾರಿ ಇಳಿದ ಮೇಲೆ ಕನೆಕ್ಟರ್ ಮುಟ್ಟಿ; ಅದು ಬಿಸಿಯಾಗಿದ್ದರೆ ಬೆಸುಗೆ ಸರಿಯಾಗಿಲ್ಲ. ರಿಸೀವರ್ ವೋಲ್ಟೇಜನ್ನು ಪರದೆಯ ಮೇಲೆ ತೋರಿಸುವ ರಿಮೋಟ್ ಆದರೆ ಅದಕ್ಕೊಂದು ಅಲಾರಂ ಇಡಿ. ಬ್ಯಾಟರಿ ಚಾರ್ಜಿಗೆ ಹಾಕಿ ಕ್ಲಾಸಿಗೆ ಹೋಗಬೇಡಿ. 2200 ಎಂಎಎಚ್‌ಗೆ 2.2 ಆಂಪಿಯರ್ ಸಾಕು, ಬ್ಯಾಲೆನ್ಸ್ ತಂತಿ ಜೋಡಿಸಿಯೇ ಚಾರ್ಜ್ ಮಾಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಕಣ್ಣಳತೆಯಲ್ಲೇ ಹಾರಬೇಕು. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ವಲಯದಲ್ಲಿದೆ ನೋಡಿಕೊಂಡು ಹೋಗಿ. ಹೈಟೆನ್ಷನ್ ತಂತಿ, ಜನ, ರಸ್ತೆ ಇದ್ದ ಕಡೆ ಬೇಡ.

ಇದಿಷ್ಟೂ ವಿಮಾನದ ರಿಪೇರಿ. ಇನ್ನೊಂದು ಬಾಕಿ ಇತ್ತು.

ಜೂನಿಯರ್ ಕೋಣೆಗೆ ಹೋದಾಗ ಅವನು ಅಸೈನ್‌ಮೆಂಟ್ ಬರೆಯುತ್ತಿದ್ದ. ‘ಬನ್ನಿ ಅಣ್ಣ’ ಎಂದು ಎದ್ದು ನಿಂತ. ಅವನ ಆ ಮರ್ಯಾದೆಯೇ ನನಗೆ ಚುಚ್ಚಿತು. ಎಲ್ಲ ಹೇಳಿದೆ. ತಂತಿಯದು, 4.4 ವೋಲ್ಟಿನದು, ಗುಂಯ್ ಸದ್ದಿನದು. ‘ತಪ್ಪು ನಂದು ಕಣೋ. ಎಲ್ಲರೆದುರು ಬೈದಿದ್ದೆ, ಎಲ್ಲರೆದುರೇ ಕ್ಷಮೆ ಕೇಳ್ತೀನಿ’ ಎಂದೆ. ಅವನು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದ. ಆಮೇಲೆ, ‘ರಿಸೀವರ್ ಎಷ್ಟು ಬಿಸಿಯಾಗಿತ್ತಣ್ಣ?’ ಎಂದು ಕೇಳಿದ. ರಾತ್ರಿ ಹನ್ನೊಂದರವರೆಗೆ ಅದರದೇ ಮಾತು. ಮರುದಿನ ವರ್ಕ್‌ಶಾಪಿನಲ್ಲಿ, ಹೇಳಿದಂತೆ ಎಲ್ಲರೆದುರು ಕೇಳಿದೆ. ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು, ಆದರೆ ಆಡಿದೆ.

ಟೆಕ್ ಫೆಸ್ಟ್‌ನಲ್ಲಿ ನಮಗೆ ಬಹುಮಾನ ಬರಲಿಲ್ಲ. ಬಾಲ್ ಸುಣ್ಣದ ವೃತ್ತದಿಂದ ಎರಡು ಮಾರು ಆಚೆ ಬಿತ್ತು. ಆದರೆ ವಿಮಾನ ಎಂಟು ನಿಮಿಷ ಹಾರಿ, ಹೇಳಿದ ಮಾತು ಕೇಳಿ, ಇಳಿಯಿತು. ಕೊನೆಯ ಎರಡು ಸುತ್ತು ರಿಮೋಟ್ ಇದ್ದದ್ದು ಜೂನಿಯರ್ ಕೈಯಲ್ಲಿ.

ಸಂಜೆ ಅಪ್ಪಾಜಿಗೆ ಫೋನ್ ಮಾಡಿದೆ. ಪ್ರೈಜ್ ಬಂತಾ ಎಂದು ಅವರು ಕೇಳಲಿಲ್ಲ. ‘ಬಿದ್ದಿಲ್ಲ ತಾನೆ?’ ಎಂದರು. ಇಲ್ಲ ಎಂದೆ. ‘ಹಂಗಾದ್ರೆ ಸರಿ, ಇಡ್ತೀನಿ. ತ್ರೀ ಫೇಸ್ ಬಂದೈತೆ, ಮೋಟಾರ್ ಹಾಕ್ಬೇಕು’ ಎಂದು ತೋಟದ ಕಡೆ ಹೊರಟರು.